ಎಲೆತೋಟ ಹೊಕ್ಕ ಬಿ.ಎ. ಬೂಟು

ನಾನು ಓದಿದ್ದು ಫಿಲಾಸಫಿ. ಇದನ್ನು ನಾನಾಗಿಯೇ ಯಾರಿಗೂ ಹೇಳುವುದಿಲ್ಲ. ಕೇಳಿದರೆ ಮಾತ್ರ, ಅದೂ ಎರಡು ಸಲ ಕೇಳಿದರೆ, ಒಪ್ಪಿಕೊಳ್ಳುತ್ತೇನೆ. ನಮ್ಮ ಕಡೆ ಬಿ.ಎ. ಆದವನ ಹತ್ತಿರ ಜನ ಒಂದು ಆಸೆ ಇಟ್ಟುಕೊಂಡೇ ಬರುತ್ತಾರೆ. ಕಚೇರಿಗೊಂದು ಅರ್ಜಿ ಬರೆದುಕೊಡುತ್ತೀರೋ ಎನ್ನುತ್ತಾರೆ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಹೋಗಲಿ, ಚಳಿಜ್ವರಕ್ಕೆ ಔಷಧ ಗೊತ್ತೋ? ಇಲ್ಲ. ಹೊಲದ ಬದುವಿನ ತಕರಾರಿಗೆ ಕಾಯಿದೆ ಏನನ್ನುತ್ತದೆ? ತಿಳಿಯದು. ಮಗಳ ಜಾತಕವನ್ನಾದರೂ ನೋಡುತ್ತೀರೋ? ಅದೂ ಬರುವುದಿಲ್ಲ. ಇಷ್ಟಾದ ಮೇಲೆ ಬಂದವರು ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಎದ್ದು ನಿಂತು, ಹೋಗುವ ಮುನ್ನ ಬರೀ ಸೌಜನ್ಯಕ್ಕೆಂದು ಒಂದು ಮಾತು ಕೇಳುತ್ತಾರೆ: "ಹಂಗಾರ ನೀವು ಕಲ್ತದ್ದರ ಏನ್ರಿ?" ತತ್ತ್ವಶಾಸ್ತ್ರದ ಬಗ್ಗೆ ಈ ಲೋಕದಲ್ಲಿ ಯಾರೇ ಕುತೂಹಲ ತೋರಿಸಿದರೂ ಹೀಗೆಯೇ. ಇವನಿಂದ ಬೇರೆ ಯಾವ ಕೆಲಸವೂ ಆಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ತೋರಿಸುತ್ತಾರೆ.

ನಾನು ಆ ಶಾಸ್ತ್ರಕ್ಕೆ ಬಿದ್ದದ್ದಕ್ಕೂ ಆತ್ಮದ ಹಸಿವಿಗೂ ಯಾವ ಸಂಬಂಧವೂ ಇಲ್ಲ. ಮೂವತ್ತರ ದಶಕದ ಮೊದಲಲ್ಲಿ ಸವಣೂರಿನಿಂದ ಧಾರವಾಡಕ್ಕೆ ಕಲಿಯಲು ಹೋದೆ. ಗಣಿತ ನನ್ನನ್ನು ನೋಡಿ ಓಡಿತೋ, ನಾನು ಅದನ್ನು ನೋಡಿ ಓಡಿದೆನೋ, ಒಟ್ಟಿನಲ್ಲಿ ನಮ್ಮಿಬ್ಬರ ಭೇಟಿ ಆಗಲಿಲ್ಲ. ಇತಿಹಾಸದ ವರ್ಗದಲ್ಲಿ ಕೂರಲು ಬೆಂಚಿನ ಮೇಲೆ ಜಾಗವಿರಲಿಲ್ಲ. ಫಿಲಾಸಫಿಗೆ ಒಟ್ಟು ಮೂರು ಜನ. ಮೂವರಿಗೂ ಕಿಟಕಿಯ ಪಕ್ಕ, ಗಾಳಿ ಬೇರೆ ತಂಪು. ನಮ್ಮ ಪ್ರೊಫೆಸರರು ಎದುರಿನ ಮೇಜಿಗೆ ಎರಡೂ ಕೈ ಊರಿ, "ಈ ಮೇಜು ಇದೆಯೇ?" ಎಂದು ಕೇಳುತ್ತಿದ್ದರು. ಇದೆ ಎಂದರೆ "ಹೇಗೆ ಗೊತ್ತು?" ಎನ್ನುವರು. ಇಲ್ಲ ಎಂದರೆ "ಹಾಗಾದರೆ ನಾನು ಯಾವುದಕ್ಕೆ ಕೈ ಊರಿದ್ದೇನೆ?" ಎನ್ನುವರು. ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ಮೂರನೆಯ ವರ್ಷ ಗೆದ್ದಲು ಹಿಡಿದು ಮೇಜಿನ ಒಂದು ಕಾಲು ಮುರಿಯಿತು. ಅಂದು ಅವರು ಆ ಪ್ರಶ್ನೆ ಕೇಳಲಿಲ್ಲ, ಬಡಿಗನನ್ನು ಕರೆಸಿದರು. ಬಡಿಗ ಬಂದವನೇ, ಮೇಜು ಇದೆಯೋ ಇಲ್ಲವೋ ಎಂದು ಯಾರನ್ನೂ ವಿಚಾರಿಸದೆ, ಹೊಸ ಕಾಲು ಕೂಡಿಸಿ ಹೋದ.

ಪಾಸಾದೆ. ಪಾಸಾದ ಖುಷಿಗೆ ಧಾರವಾಡದಲ್ಲಿಯೇ ಒಂದು ಜೋಡಿ ಬೂಟು ಹೊಲಿಸಿಕೊಂಡು, ಟಕ್ ಟಕ್ ಎನ್ನಿಸುತ್ತ ಸವಣೂರಿಗೆ ಬಂದಿಳಿದೆ. "ಕಾಲಿಗೆ ಎರಡು ಸಂದೂಕ ಕಟ್ಕೊಂಡ್ ಬಂದಾನ ನೋಡ್ರೆವ್ವಾ ನನ್ನ ಮಗ!" ಎಂದು ಅವ್ವ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ದಿಗಿಲೂ ಇತ್ತು. ನಮ್ಮ ಓಣಿಯಲ್ಲಷ್ಟೇ ಅಲ್ಲ, ಕೆರೆಯ ಆಚೆಗಿನ ತೋಟಗಳವರೆಗೆ ಲೆಕ್ಕ ಹಾಕಿದರೂ ಬೂಟು ಹಾಕುವವನು ನಾನೊಬ್ಬನೇ. ಅಪ್ಪನಿಗೆ ನಾನು ತಾಲೂಕಿಗೆ ಮಾಮಲೇದಾರನಾಗಬೇಕೆಂಬ ಆಸೆ. ಬೂಟು ನೋಡಿ ಅರ್ಧ ಮಾಮಲೇದಾರನಾದೆ ಎಂದುಕೊಂಡರೋ ಏನೋ, ಬಂದವರಿಗೆಲ್ಲ ನನ್ನನ್ನು ಕರೆದು ತೋರಿಸಿದರು.

ಬೂಟಿನ ಜೊತೆ ಇನ್ನೊಂದು ವಸ್ತುವನ್ನೂ ತಂದಿದ್ದೆ; ಅದು ಯಾರಿಗೂ ಕಾಣುತ್ತಿರಲಿಲ್ಲ. ಯಾರು ಏನೇ ಹೇಳಲಿ, "ಹೇಗೆ ಗೊತ್ತು?" ಎಂದು ಕೇಳುವ ಚಟ. ಇದು ಕಜ್ಜಿಯ ಜಾತಿಯದು, ಕೆರೆದಷ್ಟೂ ಹಿತ. ಹಿರೇಕೆರೂರಿನ ಸೋದರಮಾವ ಒಂದು ದಿನ ಸರ್ವಿಸ್ ಮೋಟಾರು ಹಿಡಿದು, ಧೂಳು ಮೆತ್ತಿಕೊಂಡು ನಮ್ಮ ಮನೆಗೆ ಬಂದ. ಕಾಲು ಕೂಡ ತೊಳೆಯದೆ ನನ್ನೆದುರು ಕುಕ್ಕರಿಸಿ ಕೂತ.

"ತಮ್ಮಾ, ಕಣ್ಣಿಗೆ ಕಾಣಲಾರದ್ದನ್ನ ಕಲ್ತು ಬಂದೀ ಅಂತಲ್ಲ. ನನ್ನ ಎತ್ತು ನಾಕ್ ದಿನಾತು, ಕಾಣವಲ್ದು. ಯಾವ ದಿಕ್ಕಿಗೆ ಹೋಗೈತಿ, ಹೇಳು."

"ಮಾವಾ, ಅದು ಕಳದೈತಿ ಅಂತ ಮೊದಲ ನಿಮಗ ಹೆಂಗ ಗೊತ್ತಾತು?" ಎಂದೆ ನಾನು.

ಮಾವ ಎದ್ದು ನಿಂತ. ಆಮೇಲೆ ಒಳಗಿದ್ದ ಅವ್ವನಿಗೆ ಕೂಗಿ ಕೇಳಿದ: "ಯಕ್ಕಾ, ಈ ಹುಡಗನ್ನ ಯಾರಿಗರ ತೋರ್ಸೀರೇನು?" ಎತ್ತು ಹಾನಗಲ್ಲಿನ ಕೊಂಡವಾಡದಲ್ಲಿ ಬೀಡಾಡಿ ದನಗಳ ಜೊತೆ ನಿಂತಿತ್ತಂತೆ. ಮಾವ ತಾನೇ ಹುಡುಕಿ ಬಿಡಿಸಿಕೊಂಡು ಹೋದ. ನನ್ನ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ಮಾತ್ರ ಅವನು ಹೋಗಲಿಲ್ಲ.

ಹಾಗೆಂದು ನಮ್ಮ ಸೀಮೆಯಲ್ಲಿ ತತ್ತ್ವಜ್ಞಾನಿಗಳಿಗೆ ಬರವಿತ್ತೆಂದು ತಿಳಿಯಬೇಡಿ. ಶಿಗ್ಗಾಂವಿಯಲ್ಲಿ ಮೋಟಾರಿಗೆಂದು ಕಾಯುತ್ತಾ ಕೂತು ನೋಡಿದ್ದೀರಾ? ಬೆಳಗಿನ ಮೋಟಾರು ಮಧ್ಯಾಹ್ನವಾದರೂ ಬರದಿದ್ದರೆ, ಬೇವಿನ ಮರದ ಬುಡದಲ್ಲಿ ಗಂಟುಮೂಟೆಯ ಮೇಲೆ ಕೂತ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, "ಎಲ್ಲಾ ಮಾಯಾ ಬಿಡ್ರಿ. ಎಲ್ಲಿಗೆ ಹೋಗೂದೈತಿ, ಎಲ್ಲಿಂದ ಬರೂದೈತಿ!" ಎನ್ನುತ್ತಾರೆ. ಸುತ್ತ ಕೂತವರೆಲ್ಲ ತಲೆ ಆಡಿಸುತ್ತಾರೆ. ಅಷ್ಟರಲ್ಲಿ ದೂರದಲ್ಲಿ ಧೂಳು ಏಳುತ್ತದೆ. ಆ ಹಿರಿಯರೇ ಮೊದಲು ಎದ್ದು, ಮೊಣಕೈಯಿಂದ ಇಬ್ಬರನ್ನು ಸರಿಸಿ, ಡ್ರೈವರನ ಪಕ್ಕದ ಜಾಗ ಹಿಡಿಯುತ್ತಾರೆ. ಮೋಟಾರು ಬರುವವರೆಗೆ ಜಗತ್ತು ಮಾಯೆ, ಬಂದ ಮೇಲೆ ಜಾಗ ಸತ್ಯ. ನಮ್ಮ ಸವಣೂರಿನಲ್ಲೂ ಕರಿದ ಖಾರ ಮಾರುವ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಕೂತು ಆತ್ಮ ಅಮರವೆಂದು ಸಿದ್ಧಮಾಡುವವರಿದ್ದರು. ಕಾಗದದ ಪೊಟ್ಟಣದಲ್ಲಿ ಖಾರ ಇರುವವರೆಗೆ ವಾದ ಬಿರುಸಾಗಿರುತ್ತಿತ್ತು. ನಾನು ಇವರನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದೆ. ಇವರದು ಬಾಯಿಚಪಲದ ವೇದಾಂತ, ನನ್ನದು ಧಾರವಾಡದ ಮುದ್ರೆ ಒತ್ತಿದ ಫಿಲಾಸಫಿ ಎಂಬ ಗರ್ವ. ಗರ್ವ ಎಂದರೆ ಸಣ್ಣದಲ್ಲ, ಬೂಟಿನ ಸೈಜಿನದು.

ಈಗ ತೋಟಕ್ಕೆ ಬರುತ್ತೇನೆ. ಊರ ಹೊರಗೆ ಕೆರೆಯ ಕೆಳಗೆ ನಮ್ಮದೊಂದು ವೀಳ್ಯದ ಎಲೆತೋಟವಿತ್ತು. ಅದನ್ನು ಪಾಲಿಗೆ ಮಾಡುತ್ತಿದ್ದವನು ಫಕೀರಪ್ಪ. ಆಗ ಅವನಿಗೆ ಐವತ್ತು ದಾಟಿತ್ತು. ಮೀಸೆ ಮೂಡುವ ಮೊದಲೇ ಆ ತೋಟ ಹೊಕ್ಕವನು. ಮದುವೆಯಾದದ್ದು, ಮಕ್ಕಳನ್ನು ಪಡೆದದ್ದು, ಇಬ್ಬರು ಮಕ್ಕಳನ್ನು ಕಳೆದುಕೊಂಡದ್ದು ಎಲ್ಲ ತೋಟದ ಮೂಲೆಯ ಗುಡಿಸಲಿನಲ್ಲೇ. ಬಳ್ಳಿಗೆ ಯಾವಾಗ ನೀರು ಬೇಕು, ಯಾವ ಎಲೆ ನಾಳೆ ಕೊಯ್ದರೆ ಚೆನ್ನ ಎಂಬುದನ್ನು ಅವನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದ. ಎಲೆತೋಟದವರಿಗೆ ಒಂದು ಕಟ್ಟುಪಾಡು ಉಂಟು. ಒಳಗೆ ಕಾಲಿಗೆ ಏನನ್ನೂ ಮೆಟ್ಟಿಕೊಂಡು ಹೋಗುವಂತಿಲ್ಲ. ಬಳ್ಳಿ ಲಕ್ಷ್ಮಿ, ತೊಗಲು ತುಳಿದ ನೆಲದಲ್ಲಿ ಅವಳು ನಿಲ್ಲುವುದಿಲ್ಲ ಎಂದು ನಂಬಿಕೆ. ತೋಟ ನೋಡಲೆಂದು ಬಂದ ಕಚೇರಿಯ ಸಾಹೇಬರನ್ನು ಕೂಡ ಫಕೀರಪ್ಪ ಬೇಲಿಯ ಬಾಗಿಲಲ್ಲಿ ನಿಲ್ಲಿಸಿ, ಕೈಮುಗಿದು, ಮೆಟ್ಟು ಬಿಡಿಸಿದ್ದ. ಹೀಗಿರುವಾಗ ನಾನು ಹೋದೆ, ಬೂಟು ಮೆಟ್ಟಿ.

"ಸಣ್ಣ ಸಾವಕಾರ್ರ, ಅವನ್ನ ಇಲ್ಲೇ ಬಿಟ್ಟು ಬರ್ರಿ," ಎಂದ ಫಕೀರಪ್ಪ.

"ಬಿಡದಿದ್ರ ಏನ್ ಆಗತೈತಿ?"

"ಬಳ್ಳಿ ಬಾಡತಾವ್ರಿ."

"ನೀ ನೋಡೀಯೇನು, ಹಂಗ ಬಾಡಿದ್ದು?"

ಫಕೀರಪ್ಪ ಯೋಚಿಸಿದ. "ಇಲ್ರಿ. ಯಾರೂ ಮೆಟ್ಟಿಕೊಂಡು ಹೋಗೇ ಇಲ್ಲಲ್ರಿ. ಹೆಂಗ ನೋಡ್ಲಿ?"

ಆಹಾ! ನನಗಾದ ಸಂತೋಷ ಏನು ಹೇಳಲಿ. ಮೂರು ವರ್ಷ ಪುಸ್ತಕದಲ್ಲಿ ಓದಿದ್ದ ಕುರುಡು ನಂಬಿಕೆ ಜೀವಂತವಾಗಿ, ತಲೆಗೆ ವಸ್ತ್ರ ಸುತ್ತಿಕೊಂಡು ನನ್ನೆದುರು ನಿಂತಿತ್ತು. ಯಾರೂ ಹೋಗದ್ದರಿಂದ ಯಾರೂ ನೋಡಿಲ್ಲ, ಯಾರೂ ನೋಡದ್ದರಿಂದ ಯಾರೂ ಹೋಗುವುದಿಲ್ಲ! ಈ ಗಾಣವನ್ನು ಮುರಿಯದಿದ್ದರೆ ನಾನು ಓದಿದ್ದು ಯಾತಕ್ಕೆ? ಎರಡು ದಿನ ಬಿಟ್ಟು, ಫಕೀರಪ್ಪ ಮಧ್ಯಾಹ್ನದ ಬುತ್ತಿ ಉಣ್ಣಲು ಗುಡಿಸಲಿಗೆ ಹೋದದ್ದನ್ನು ನೋಡಿಕೊಂಡು, ಬೇಲಿಯ ಬಾಗಿಲು ಸರಿಸಿ, ಬೂಟುಗಾಲಲ್ಲಿ ತೋಟದ ಪೂರ್ವದ ಮೂರು ಸಾಲುಗಳ ಉದ್ದಕ್ಕೂ ನಡೆದು ಬಂದೆ. ಆಕಾಶ ಬೀಳಲಿಲ್ಲ. ಒಂದು ಎಲೆಯೂ ಮಿಸುಕಲಿಲ್ಲ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಎಂಟನೆಯ ದಿನ ಆ ಮೂರು ಸಾಲಿನ ಬಳ್ಳಿಗಳು ಬಾಡಿದವು.

ನಾಲ್ಕಾರು ಎಲೆ ಹಳದಿಯಾಗಿದ್ದರೆ ಬಿಸಿಲೆನ್ನಬಹುದಿತ್ತು. ಬುಡ ಕಪ್ಪಾಗಿ, ಬಳ್ಳಿಗೆ ಬಳ್ಳಿಯೇ ಸೋತು, ಎಲೆ ಜೋತುಬಿದ್ದಿತ್ತು. ಅಪ್ಪ ತೋಟಕ್ಕೆ ಹೋಗಿ ನೋಡಿಬಂದು ಊಟ ಬೇಡವೆಂದರು. ಆ ದಿನ ಸಂಜೆಗೆ ಸುತ್ತಲಿನ ತೋಟದವರ ಬಾಯಲ್ಲಿ ಒಂದೇ ಮಾತು: ಯಾರೋ ಮೆಟ್ಟಿಕೊಂಡು ಒಳಗೆ ಹೋಗಿದ್ದಾರೆ, ಫಕೀರಪ್ಪ ಕಾವಲು ತಪ್ಪಿದ್ದಾನೆ. ಇಂಥದಕ್ಕೆ ತೋಟದವರಲ್ಲಿ ಒಂದು ಪದ್ಧತಿ ಇತ್ತು. ಬೇಲಿಯ ಬಾಗಿಲಲ್ಲಿ ಹಿರಿಯರು ಕೂಡುತ್ತಾರೆ. ತೋಟ ನೋಡುವವನು ಅದೇ ತೋಟದ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು, "ಯಾರೂ ಮೆಟ್ಟಿಕೊಂಡು ಹೋಗಿಲ್ಲ" ಎಂದು ಆಣೆ ಮಾಡಬೇಕು. ಮಾಡಿದರೆ ಅದು ದೇವರ ಇಚ್ಛೆ ಎಂದು ತೋಟ ಅವನಲ್ಲೇ ಉಳಿಯುತ್ತದೆ. ಮಾಡದಿದ್ದರೆ ತೋಟವನ್ನೂ ಗುಡಿಸಲನ್ನೂ ಬಿಟ್ಟು ಹೋಗಬೇಕು. ಮೂರನೆಯ ದಿನಕ್ಕೆ ಆಣೆ ಎಂದು ನಿಗದಿಯಾಯಿತು.

ಆ ಎರಡು ದಿನ ನಾನು ಮಾಡಿದಷ್ಟು ತತ್ತ್ವಚಿಂತನೆಯನ್ನು ಪರೀಕ್ಷೆಯ ಹಿಂದಿನ ವಾರವೂ ಮಾಡಿರಲಿಲ್ಲ. ಧಾರವಾಡದ ಟಿಪ್ಪಣಿಗಳನ್ನೆಲ್ಲ ಹರವಿಕೊಂಡು ಅಟ್ಟದ ಮೇಲೆ ಕೂತೆ. ಒಂದರ ಹಿಂದೆ ಒಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ನಾನು ನಡೆದೆ, ಎಂಟು ದಿನಕ್ಕೆ ಬಳ್ಳಿ ಬಾಡಿತು, ಸರಿ. ಅದೇ ಎಂಟು ದಿನದಲ್ಲಿ ಅವ್ವ ಮಾವಿನ ಉಪ್ಪಿನಕಾಯಿ ಹಾಕಿದಳು, ಎದುರುಮನೆಯ ಎಮ್ಮೆ ಈಯಿತು. ಉಪ್ಪಿನಕಾಯಿಯನ್ನೂ ಎಮ್ಮೆಯನ್ನೂ ಬಿಟ್ಟು ಬೂಟನ್ನೇ ಏಕೆ ಹಿಡಿಯಬೇಕು? ವಾದ ಬಹಳ ಗಟ್ಟಿಯಾಗಿತ್ತು. ಅದರಲ್ಲಿ ಒಂದೇ ಒಂದು ಕೊರತೆ ಎಂದರೆ, ಅದನ್ನು ಅಪ್ಪನೆದುರು ಹೇಳಲು ನನಗೆ ಹೆದರಿಕೆ. ನಾನು ಮಾಡಿದ್ದು ತಪ್ಪಲ್ಲ ಎಂದು ಸಿದ್ಧಮಾಡಲು ಇಷ್ಟು ಓದಿದವನು, ನಾನು ಮಾಡಿದೆ ಎಂದು ಹೇಳಲು ಎರಡು ಶಬ್ದ ಸಿಗದೆ ಒದ್ದಾಡುತ್ತಿದ್ದೆ. ಛೀ ಎನ್ನಿಸುತ್ತದೆ ಈಗ ನೆನೆದರೆ. ಆಗಲೂ ಅನ್ನಿಸಿತ್ತು, ಸುಳ್ಳೇಕೆ.

ಆಣೆಯ ಹಿಂದಿನ ದಿನ ಬೆಳಿಗ್ಗೆ ಫಕೀರಪ್ಪ ಮನೆಗೆ ಬಂದ. ಅಪ್ಪನ ಹತ್ತಿರ ಹೋಗದೆ, ನಾನು ಕೂತಿದ್ದ ಪಡಸಾಲೆಯ ಕಂಬದ ಬದಿಗೆ ಬಂದು ನೆಲದ ಮೇಲೆ ಕೂತ.

"ಸಣ್ಣ ಸಾವಕಾರ್ರ, ನೀವು ಓದಿದವರು. ಒಂದ್ ಮಾತು ತಿಳದಿಲ್ಲ ನನಗ. ಅದಕ್ಕ ಬಂದೇನಿ."

"ಏನು, ಹೇಳು," ಎಂದೆ.

"ತೋಟದಾಗ ನಾ ಯಾರನ್ನೂ ನೋಡಿಲ್ಲ. ಹೆಜ್ಜಿ ನೋಡೇನಿ. ಹೆಜ್ಜಿ ನೋಡಿದ್ರ ಮನಷ್ಯಾನ್ನ ನೋಡಿದಂಗ ಆಗತೈತೇನ್ರಿ?"

ಅವನು ನನ್ನ ಮುಖ ನೋಡುತ್ತಿದ್ದ, ಕಾಲನ್ನು ಒಂದು ಸಲವೂ ನೋಡಲಿಲ್ಲ. ಬೂಟಿನ ಹೆಜ್ಜೆ ಯಾರದೆಂದು ತಿಳಿಯಲು ನಮ್ಮ ಊರಿನಲ್ಲಿ ಪೊಲೀಸರು ಬೇಕಾಗಿರಲಿಲ್ಲ. ಆದರೆ ಅವನು ಬಂದದ್ದು ನನ್ನನ್ನು ಹಿಡಿಯಲಿಕ್ಕಲ್ಲ. ಅವನಿಗೆ ನಿಜವಾಗಿ ಆ ಸಂಶಯವಿತ್ತು. ನಾಳೆ ಎಲೆ ಹಿಡಿದು ಹೇಳಬೇಕಾದ ಮಾತು ಸುಳ್ಳಾಗುತ್ತದೋ ಇಲ್ಲವೋ ಎಂಬ ಸಂಶಯ.

ಇಲ್ಲಿ ಸ್ವಲ್ಪ ನಿಲ್ಲಿ. ಈ ಪ್ರಶ್ನೆ ಸಣ್ಣದಲ್ಲ. ನಮ್ಮ ತಾರ್ಕಿಕರು ಇದನ್ನೇ ಗುಡ್ಡದ ಮೇಲಿನ ಹೊಗೆ ಎಂದು ಕರೆದು ಎಷ್ಟೋ ಶತಮಾನ ಚರ್ಚೆ ಮಾಡಿದ್ದಾರೆ. ಹೊಗೆ ಕಂಡರೆ ಬೆಂಕಿ ಕಂಡ ಹಾಗೆಯೋ, ಅಥವಾ ಊಹಿಸಿದ ಹಾಗೆಯೋ? ಅಷ್ಟು ತಲೆಮಾರುಗಳ ಪಂಡಿತರು ಆ ಗುಡ್ಡದ ಕೆಳಗೆ ನಿಂತು ಹೊಗೆಯನ್ನು ನೋಡಿದರು; ಒಬ್ಬ ಪುಣ್ಯಾತ್ಮನೂ ಒಂದು ಕೊಡ ನೀರು ಹೊತ್ತು ಮೇಲೆ ಹೋಗಲಿಲ್ಲ. ಈ ಹೊಗೆಯ ಪ್ರಶ್ನೆಗೆ ನಾನು ಪರೀಕ್ಷೆಯಲ್ಲಿ ಉತ್ತರ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಈಗ ಅದೇ ಉತ್ತರ ತಾನಾಗಿ ನಾಲಿಗೆಗೆ ಬಂತು. ಬಂದದ್ದಷ್ಟೇ ಅಲ್ಲ, ಅದರಿಂದ ಇಬ್ಬರೂ ಉಳಿಯುತ್ತಿದ್ದೆವು.

"ಇಲ್ಲ ಫಕೀರಪ್ಪಾ. ಕಣ್ಣಿಲೆ ಕಂಡದ್ದು ಬ್ಯಾರೆ, ಊಹಾ ಮಾಡಿದ್ದು ಬ್ಯಾರೆ. ನೀ ಹೆಜ್ಜಿ ನೋಡೀದಿ, ಮನಷ್ಯಾನ್ನ ನೋಡಿಲ್ಲ. ನೋಡಿಲ್ಲ ಅಂತ ಆಣಿ ಮಾಡಿದ್ರ ಸುಳ್ಳಾಗೂದಿಲ್ಲ. ಶಾಸ್ತ್ರದಾಗೂ ಹಂಗ ಐತಿ."

"ಶಾಸ್ತ್ರದಾಗ ಐತೇನ್ರಿ?"

"ಐತಿ."

"ವಿಚಾರ ಮಾಡ್ತೇನ್ರಿ," ಎಂದು ಫಕೀರಪ್ಪ ಎದ್ದು ಹೋದ. ಅವನ ಹೆಂಡತಿ ಬೀದಿಯಲ್ಲಿ ನಿಂತಿದ್ದಳು. ಇಬ್ಬರೂ ತೋಟದ ಕಡೆ ನಡೆದರು. ನನಗೆ ಗೆದ್ದೆ ಎನ್ನಿಸಲಿಲ್ಲ. ಅವನು ನಂಬಿ ಕೇಳಿದ್ದ, ನಾನು ನನ್ನ ಚರ್ಮ ಉಳಿಸಿಕೊಳ್ಳಲು ಶಾಸ್ತ್ರ ಹೇಳಿದ್ದೆ.

ಮರುದಿನ ಬೇಲಿಯ ಬಾಗಿಲಲ್ಲಿ ಕಂಬಳಿ ಹಾಸಿ ಐದಾರು ಹಿರಿಯರು ಕೂತರು. ಅಪ್ಪ ನಡುವೆ ಕೂತರು, ನಾನು ಅವರ ಹಿಂದೆ ನಿಂತೆ. ಆ ದಿನ ಬರಿಗಾಲಲ್ಲಿ ಹೋಗಿದ್ದೆ. ಅಷ್ಟು ಬುದ್ಧಿ ಇತ್ತು. ಫಕೀರಪ್ಪ ಮಿಂದು, ಒಗೆದ ಧೋತರ ಉಟ್ಟು ಬಂದ. ಅಂಗೈ ಮೇಲೆ ಒಂದು ಎಲೆ ಇಟ್ಟರು.

"ಹೇಳು ಫಕೀರಪ್ಪಾ," ಎಂದರು ಅಪ್ಪ.

"ಕಣ್ಣಿಲೆ ನಾ ಯಾರನ್ನೂ ನೋಡಿಲ್ರಿ."

ಹಿರಿಯರ ಮುಖ ಹಗುರಾಯಿತು. ಅವನ ಮೇಲೆ ಯಾರಿಗೂ ಹಗೆ ಇರಲಿಲ್ಲ. "ಆತಲ್ಲ ಮತ್ತ! ಯಾರೂ ಹೋಗಿಲ್ಲಂತ ಒಂದ್ ಮಾತು ಅಂದುಬಿಡು, ಎದ್ದು ಹೋಗೂಣು," ಎಂದರು ಒಬ್ಬರು.

ಫಕೀರಪ್ಪ ತಲೆ ಅಲ್ಲಾಡಿಸಿದ. "ಅದನ್ನ ಅನ್ನಾಕ ಬರಾಂಗಿಲ್ರಿ. ನೋಡಿಲ್ಲ ಅನ್ನಾಕ ಬರತೈತಿ, ಗೊತ್ತಿಲ್ಲ ಅನ್ನಾಕ ಬರಾಂಗಿಲ್ಲ. ನನಗ ಗೊತ್ತೈತ್ರಿ. ಹೋಗ್ಯಾರ."

"ಯಾರು?" ಎಂದು ಅಪ್ಪ ಗಡಸಾಗಿ ಕೇಳಿದರು.

"ಮಾರಿ ನೋಡಿಲ್ಲಲ್ರಿ. ಹೆಸರು ಹೆಂಗ ಹೇಳ್ಲಿ?"

ನಾನು ಕೊಟ್ಟ ವಾದವನ್ನು ಅವನು ಇಡೀ ದಿನ ತಿರುವಿ ಮುರುವಿ ನೋಡಿದ್ದ. ತನ್ನನ್ನು ಉಳಿಸಿಕೊಳ್ಳಬೇಕಾದಲ್ಲಿ ಅದು ಅವನಿಗೆ ಒಪ್ಪಿಗೆಯಾಗಲಿಲ್ಲ. ನನ್ನನ್ನು ಉಳಿಸಬೇಕಾದಲ್ಲಿ ಅದನ್ನು ಒಪ್ಪಿಕೊಂಡ. ಯಾವ ಕಾಲೇಜಿನ ಮೇಜಿನ ಮುಂದೆಯೂ ನಾನು ಇಂಥ ತರ್ಕ ಕೇಳಿರಲಿಲ್ಲ.

ಅಪ್ಪ ಕೆಮ್ಮಿದರು. ಅವರಿಗೂ ಸಂಕಟವಾಗಿತ್ತು. "ಹಂಗಾರ ಫಕೀರಪ್ಪಾ, ಬರೂ ಅಮಾಸಿಗೆ ತೋಟ ಬಿಡಬೇಕಾಗತೈತಿ," ಎಂದರು. ಫಕೀರಪ್ಪ "ಹೂನ್ರಿ" ಎಂದು ಬಗ್ಗಿ ಎಲೆಯನ್ನು ಕಂಬಳಿಯ ಅಂಚಿಗಿಟ್ಟ. ಗುಡಿಸಲಿನ ಬಾಗಿಲಲ್ಲಿ ಅವನ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು.

"ಅಪ್ಪಾ, ಹೋದಾಂವ ನಾನು. ಬೂಟ್ ಹಾಕ್ಕೊಂಡ್ ಹೋಗಿದ್ದೆ."

ಈ ಮಾತು ನನ್ನದೇ ಎಂದು ತಿಳಿಯಲು ನನಗೂ ಒಂದು ಗಳಿಗೆ ಬೇಕಾಯಿತು. ಎಲ್ಲರೂ ತಿರುಗಿ ನೋಡಿದರು.

"ಯಾಕ?" ಎಂದರು ಅಪ್ಪ.

"ಏನ್ ಆಗತೈತಿ ಅಂತ ನೋಡಾಕ."

ಅಪ್ಪ ಬಾಡಿದ ಸಾಲುಗಳ ಕಡೆ ಕೈ ತೋರಿಸಿದರು. "ನೋಡು ಹಂಗಾರ. ಕಣ್ತುಂಬ ನೋಡು."

ತೋಟ ಫಕೀರಪ್ಪನಲ್ಲೇ ಉಳಿಯಿತು. ನನ್ನನ್ನು ಅಪ್ಪ ಅವನ ಕೈಕೆಳಗೆ ಹಾಕಿದರು. ಸತ್ತ ಬಳ್ಳಿಗಳನ್ನು ಬುಡಸಮೇತ ಕಿತ್ತು ಸುಟ್ಟು, ಆ ನೆಲ ಅಗೆದು ಹೊಸ ಮಣ್ಣು ಹೊತ್ತು ಹಾಕುವ ಕೆಲಸ. ಕೈಗೆ ಬೊಬ್ಬೆ ಬಂದಾಗ ಫಕೀರಪ್ಪ ಹರಳೆಣ್ಣೆ ತಂದು ಕೊಡುತ್ತಿದ್ದ, ಒಂದು ದಿನವೂ ಹಳೆಯ ಮಾತು ಎತ್ತಲಿಲ್ಲ. ಊರವರು ಎತ್ತಿದರು. ಮುಂದೆ ನಾನು ತಿಳವಳ್ಳಿಯಲ್ಲಿ ಶಾಲಾಮಾಸ್ತರನಾಗಿ ಹೋದಾಗ, ನನಗಿಂತ ಮೊದಲು ನನ್ನ ಕೀರ್ತಿ ಬಸ್ಸಿಳಿದು ಅಲ್ಲಿ ಕೂತಿತ್ತು. "ಬಳ್ಳಿ ಬಾಡಿಸಿದ ಬಿ.ಎ. ಅಂದ್ರ ನೀವ ಏನ್ರಿ?" ಎಂದು ಕೇಳಿದವರೇ ಕೇಳಿದರು. ನಾನು ಹೌದೆನ್ನುತ್ತಿದ್ದೆ. ಒಳಗೆ ಮಾತ್ರ ಬೂಟಿಗೂ ಬಳ್ಳಿಗೂ ಸಂಬಂಧವಿಲ್ಲ, ನಾನು ಒಪ್ಪಿಕೊಂಡದ್ದು ನಡೆದದ್ದನ್ನು, ಕಾರಣವನ್ನಲ್ಲ ಎಂದು ಸಣ್ಣಗೆ ಒಂದು ಹಟ ಉಳಿದೇ ಇತ್ತು. ಓದಿದವರ ಸೊಕ್ಕು ಬಹಳ ಆಳಕ್ಕೆ ಬೇರು ಬಿಟ್ಟಿರುತ್ತದೆ.

ನಲವತ್ತರ ದಶಕ ಅರ್ಧ ದಾಟಿದ ಮೇಲೆ, ಒಂದು ಬೇಸಿಗೆಯ ರಜೆಯಲ್ಲಿ ನಾನು ಊರಿಗೆ ಬಂದಿದ್ದಾಗ, ಬೇಸಾಯ ಇಲಾಖೆಯ ಅಧಿಕಾರಿಯೊಬ್ಬರು ಸೈಕಲ್ ಮೇಲೆ ತೋಟಗಳನ್ನು ನೋಡುತ್ತಾ ಬಂದರು. ನಾನು ಸುಮ್ಮನಿರಲಾರದೆ ಹಳೆಯ ಕತೆ ಹೇಳಿದೆ, ಅವರು ನಕ್ಕು ನನ್ನ ಪಕ್ಷ ಹಿಡಿಯುತ್ತಾರೆಂದು. ಅವರು ನಗಲಿಲ್ಲ. "ಬುಡ ಕಪ್ಪಾಗಿತ್ತೇ? ಅದು ಮಣ್ಣಿನ ರೋಗ. ರೋಗ ಹತ್ತಿದ ತೋಟದ ಹಸಿಮಣ್ಣು ಕಾಲಿಗೆ ಮೆತ್ತಿಕೊಂಡು ಬಂದರೂ ಸಾಕು. ಆ ದಿನಗಳಲ್ಲಿ ನೀವು ಬೇರೆ ಯಾವುದಾದರೂ ಎಲೆತೋಟಕ್ಕೆ ಹೋಗಿದ್ದಿರಾ?" ಎಂದು ಕೇಳಿದರು.

ಹೋಗಿದ್ದೆ. ನಮ್ಮ ತೋಟ ತುಳಿಯುವ ಸ್ವಲ್ಪ ಮೊದಲು, ಬಂಕಾಪುರದಲ್ಲಿ ಸೋದರತ್ತೆಯ ಮನೆಯವರ ತೋಟಕ್ಕೆ. ಅವರ ಬಳ್ಳಿಗಳು ಸಾಯುತ್ತಿವೆ ಎಂದು ನೋಡಲು ಹೋಗಿ, ಬೇಲಿಯ ಹೊರಗೆ ಕಿತ್ತು ಹಾಕಿದ್ದ ರಾಶಿಯ ಸುತ್ತ ಕೆಸರಿನಲ್ಲಿ ಅದೇ ಬೂಟುಗಾಲಲ್ಲಿ ಓಡಾಡಿ ಬಂದಿದ್ದೆ. ಹಾಗಾದರೆ ಬಳ್ಳಿಯನ್ನು ಕೊಂದದ್ದು ನನ್ನ ಬೂಟೇ. ಕುರುಡು ನಂಬಿಕೆ ಎಂದು ನಾನು ನಕ್ಕದ್ದರ ಹೊಟ್ಟೆಯಲ್ಲಿ ಕಣ್ಣಿತ್ತು. ಎಷ್ಟೋ ವರ್ಷ ಕಾಯ್ದುಕೊಂಡಿದ್ದ ನನ್ನ ಹಟ ಅಲ್ಲಿಯೇ ಕುಸಿಯಿತು. ಇದನ್ನು ಮೊದಲು ಫಕೀರಪ್ಪನಿಗೆ ಹೇಳಬೇಕೆಂದು ಓಡಿದೆ. ಅವನಿಗೆ ಆಗ ವಯಸ್ಸಾಗಿತ್ತು, ಆದರೂ ಬಳ್ಳಿ ಕಟ್ಟುತ್ತಿದ್ದ.

"ಫಕೀರಪ್ಪಾ, ನೀ ಹೇಳಿದ್ದ ಖರೆ. ನನ್ನ ಬೂಟಿನಿಂದನ ಬಾಡ್ಯಾವು. ಬಂಕಾಪುರದ ಮಣ್ಣು ತಂದಿತ್ತಂತ ಅದು," ಎಂದು ಅಧಿಕಾರಿ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಹಿಗ್ಗುತ್ತಾನೆ, ಹಿರಿಯರ ಮಾತು ಸುಳ್ಳೇನ್ರಿ ಎನ್ನುತ್ತಾನೆ ಎಂದು ಕಾದೆ. ಅವನು ಕೈಯಲ್ಲಿದ್ದ ಬಳ್ಳಿ ಬಿಟ್ಟು ನನ್ನ ಕಡೆ ತಿರುಗಿ ಕೂತ.

"ಮಣ್ಣಿಂದ ಅಂದ್ರ, ಬರಿಗಾಲಿಗೆ ಮಣ್ಣು ಹತ್ತೂದಿಲ್ಲೇನ್ರಿ?"

ಅಧಿಕಾರಿಗೂ ಇದು ಹೊಳೆದಿರಲಿಲ್ಲ, ನನ್ನ ಮಾತಂತೂ ಕೇಳಲೇಬೇಡಿ.

"ಬಂಕಾಪುರಕ್ಕ ನಿಮ್ಮನ್ನ ಗಾಡಿ ಕಟ್ಟಿ ಕರಕೊಂಡು ಹೋದಾಂವ ನಾನಲ್ರಿ," ಎಂದ ಫಕೀರಪ್ಪ. "ಆ ಕೆಸರಿನಾಗ ನಾನೂ ತಿರಗ್ಯಾಡೇನಿ. ಮರುದಿನ ಕಾಲು ತೊಳಕೊಳ್ಳದ ತೋಟಕ್ಕ ಬಂದೇನಿ. ಮತ್ತ ನಿಮ್ಮ ಹೆಜ್ಜಿ ಯಾರಿಗೂ ಕಾಣಬಾರದಂತ ಆ ಸಾಲಿನಾಗ ಕಾಲಿಲೆ ಮಣ್ಣು ಎಳದಾಂವನೂ ನಾನ."

ನನ್ನ ನೆನಪಿನಲ್ಲಿ ಬಂಕಾಪುರಕ್ಕೆ ನಾನೊಬ್ಬನೇ ಹೋಗಿದ್ದೆ. ಗಾಡಿ ಇತ್ತು, ಎತ್ತು ಇದ್ದವು, ದಾರಿಯಲ್ಲಿ ಕಂಡ ನವಿಲು ಕೂಡ ನೆನಪಿತ್ತು. ಗಾಡಿ ಹೊಡೆದವನು ಮಾತ್ರ ಇರಲಿಲ್ಲ. ಮುಖ ತಗ್ಗಿಸಿ ನಿಂತೆ. ಆಮೇಲೆ, "ಹೋಗ್ಲಿ ಬಿಡು ಫಕೀರಪ್ಪಾ. ನನ್ನ ಬೂಟೋ ನಿನ್ನ ಕಾಲೋ ಈಗ ಯಾರಿಗೆ ಗೊತ್ತಾಗಬೇಕು? ಊರಾಗ ನನ್ನ ಹೆಸರ ಐತಿ, ಇರ್ಲಿ," ಎಂದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎದ್ದು, ಕೈಕಾಲು ತೊಳೆದು, ವಸ್ತ್ರ ಸುತ್ತಿಕೊಂಡು ಊರ ಕಡೆ ನಡೆದ. ನಾನು ಹಿಂದೆ ಹೋದೆ.

ಅಪ್ಪ ಆಗ ಹಾಸಿಗೆ ಹಿಡಿದಿರಲಿಲ್ಲ, ಆದರೆ ಪಡಸಾಲೆ ದಾಟುತ್ತಿರಲಿಲ್ಲ. ಫಕೀರಪ್ಪ ಅವರೆದುರು ನಿಂತು, ಬಂಕಾಪುರದಿಂದ ಹಿಡಿದು ಹೆಜ್ಜೆ ಅಳಿಸಿದ್ದರವರೆಗೆ, ಒಂದೂ ಬಿಡದೆ ಹೇಳಿದ. ಅಂದು ಗುಡಿಸಲು ಬಿಟ್ಟು ಅಡವಿಗೆ ಬೀಳಬೇಕಾಗಿದ್ದವನು ತಪ್ಪಿಲ್ಲದವನೆಂದು ಉಳಿದಿದ್ದ. ಈಗ ತಾನಾಗಿ ಬಂದು ಅರ್ಧ ತಪ್ಪು ತನ್ನದಿರಬಹುದೆನ್ನುತ್ತಿದ್ದ. ಅಪ್ಪ ಸಾವಕಾಶ ಕೇಳಿಸಿಕೊಂಡರು.

"ಇಷ್ಟ್ ವರ್ಷ ಆದ ಮ್ಯಾಲೆ ಇದನ್ನ್ಯಾಕ ಹೇಳಾಕ ಬಂದಿ? ನಿನಗ ಯಾರರ ಕೇಳಿದ್ರೇನು?"

"ಯಾರೂ ಕೇಳಿಲ್ರಿ. ನನಗ ಇವತ್ತ ತಿಳೀತ್ರಿ. ಅದಕ್ಕ ಬಂದೆ."

ಅಪ್ಪ ಎಲೆಯ ತಟ್ಟೆಯನ್ನು ಅವನ ಕಡೆ ಸರಿಸಿ, "ಕುಂದ್ರು," ಎಂದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿ, ಸಿಟ್ಟಿಲ್ಲದೆ, ನಗುವೂ ಇಲ್ಲದೆ ಕೇಳಿದರು:

"ಧಾರವಾಡಕ್ಕ ಇವನ್ನ ಬಿಟ್ಟು ನಾ ತಪ್ಪಿ ನಿನ್ನ ಕಳಿಸಿದೆ, ಅಲ್ಲೇನೋ?"